ಬಳಚು ಹೆಕ್ಕುವವರಿಗೆ, ನೀಲಿಕಲ್ಲು ಬೆಳೆಯುವವರಿಗೆ: ಬದಲಾದ ಕಾನೂನಿನ ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಚಿಪ್ಪುಮೀನಿನ ಕೆಲಸಕ್ಕೆ ಹಿಂದೆ ಕಾಗದದ ಗೊಡವೆಯೇ ಇರಲಿಲ್ಲ. ಇಳಿತ ನೋಡಿ ಅಳಿವೆಗೆ ಇಳಿದರು, ಬುಟ್ಟಿ ತುಂಬಿಸಿದರು, ಪೇಟೆಗೆ ಹೊತ್ತರು. ಅಷ್ಟೇ. ಈಚಿನ ಕೆಲವೇ ವರ್ಷಗಳಲ್ಲಿ ಇದು ಬದಲಾಗಿದೆ. 2019ರ ಜನವರಿಯಲ್ಲಿ ಹೊಸ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಬಂತು. 2023ರ ಏಪ್ರಿಲ್ 1ರಿಂದ ವನ್ಯಜೀವಿ ಕಾಯ್ದೆಯ ಪಟ್ಟಿಗಳು ಬದಲಾದವು. ಅದೇ ಆಗಸ್ಟ್‌ನಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಗೆ ಸಂಸತ್ತು ತಿದ್ದುಪಡಿ ತಂದಿತು, 2024ರಲ್ಲಿ ಅದರ ಹೊಸ ನಿಯಮಗಳು ಬಂದವು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಿದ ಪ್ರಕಟಣೆ ಹೊರಬಿತ್ತು.

ಇಷ್ಟರಲ್ಲಿ ನಿಮಗೆ ಯಾವುದು ತಾಗುತ್ತದೆ, ಯಾವುದು ತಾಗುವುದಿಲ್ಲ? ಅದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಇಲ್ಲಿ ಹೇಳುತ್ತಿರುವುದು ಎರಡು ಚಿಪ್ಪುಗಳ ನಡುವೆ ಬದುಕುವ ಜೀವಿಗಳ ಬಗ್ಗೆ: ಬಳಚು, ಮರುವಾಯಿ, ನೀಲಿಕಲ್ಲು ಅಥವಾ ಪಚ್ಚಿಲೆ, ಕಲ್ಲಿಗೆ ಅಂಟಿಕೊಳ್ಳುವ ಮುರು. ಸಿಗಡಿ, ಏಡಿಯ ಕಾನೂನು ಬೇರೆಯೇ ಒಂದು ಪುರಾಣ. ಅದು ಇಲ್ಲಿ ಬೇಡ.

ಹಂತ 1: ನೀವು ಮಾಡುವುದು ಯಾವ ಕೆಲಸ ಅಂತ ಮೊದಲು ತಿಳಿದುಕೊಳ್ಳಿ

ಜಾಸ್ತಿ ಗೊಂದಲ ಆಗುವುದು ಇಲ್ಲೇ. ‘ನಾವು ಮೀನುಗಾರರು, ಮೀನುಗಾರಿಕೆ ಇಲಾಖೆ ಒಂದಿದ್ದರೆ ಸಾಕು’ ಅಂದುಕೊಳ್ಳುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. ಅದೇ ಬಳಚನ್ನು ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಕಚೇರಿ ಬದಲಾಗುತ್ತದೆ.

ತಾನಾಗಿ ಬೆಳೆದದ್ದನ್ನು ಕೈಯಿಂದ ಹೆಕ್ಕಿದರೆ ಅದು ಮೀನುಗಾರಿಕೆ, ರಾಜ್ಯದ ವಿಷಯ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ 21ನೇ ನಮೂದು. ಕೇಂದ್ರದ ಕೈಗೆ ಹೋಗುವುದು ರಾಜ್ಯದ ಕಡಲ ಗಡಿ ದಾಟಿದ ಮೇಲೆ. ಹಗ್ಗಕ್ಕೆ ಮರಿ ಕಟ್ಟಿ ನೀಲಿಕಲ್ಲು ಬೆಳೆಸಿದರೆ ಅದು ಜಲಕೃಷಿ, ಚೆನ್ನೈಯಲ್ಲಿರುವ ಕರಾವಳಿ ಜಲಕೃಷಿ ಪ್ರಾಧಿಕಾರದ ವ್ಯಾಪ್ತಿ. ಬೇಯಿಸಿ, ಮಾಂಸ ಬಿಡಿಸಿ, ಪ್ಯಾಕೆಟ್ ಮಾಡಿ ಮಾರಿದರೆ ಆಹಾರ ಸುರಕ್ಷತಾ ಕಾಯ್ದೆ. ಸುಣ್ಣದ ಭಟ್ಟಿಗೆ ಖಾಲಿ ಚಿಪ್ಪು ಕೊಟ್ಟರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಹೊರದೇಶಕ್ಕೆ ಕಳಿಸಿದರೆ ಎಂಪೆಡಾ (ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ) ಮತ್ತು ರಫ್ತು ತಪಾಸಣೆಯವರು.

ಒಂದೇ ಮನೆಯಲ್ಲಿ ಅತ್ತೆ ಹೆಕ್ಕುತ್ತಾರೆ, ಸೊಸೆ ಸ್ವಸಹಾಯ ಸಂಘದಲ್ಲಿ ಹಗ್ಗದ ಕೃಷಿ ಮಾಡುತ್ತಾರೆ, ಮಗ ಮಾಂಸ ಪ್ಯಾಕ್ ಮಾಡಿ ಹೋಟೆಲಿಗೆ ಕೊಡುತ್ತಾನೆ ಅಂತಿಟ್ಟುಕೊಳ್ಳಿ. ಮೂವರಿಗೂ ಮೂರು ಬೇರೆ ಕಾನೂನು. ಒಂದು ಹಾಳೆಯಲ್ಲಿ ನಿಮ್ಮ ಕೆಲಸ ಬರೆದು, ಎದುರಿಗೆ ಕಚೇರಿಯ ಹೆಸರು ಬರೆಯಿರಿ. ಮುಂದಿನ ಹಂತಗಳಲ್ಲಿ ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಸಾಕು. ಆದರೆ ಮೂರನೇ ಹಂತ ಎಲ್ಲರಿಗೂ ಬೇಕು.

ಹಂತ 2: ಯಾವ ಜಾತಿ ಅಂತ ನೋಡಿ

ಇದು ಬೇಗ ಮುಗಿಯುತ್ತದೆ. ನಮ್ಮ ಅಳಿವೆಗಳಲ್ಲಿ ದಿನಾ ಸಿಗುವ ಬಳಚು, ಮರುವಾಯಿ, ನೀಲಿಕಲ್ಲು, ಮುರು ಇವು ತಿನ್ನುವ, ಮಾರುವ ಜಾತಿಗಳು. ತೊಂದರೆ ಇಲ್ಲ.

ಜಾಗ್ರತೆ ಬೇಕಾಗಿರುವುದು ಅಲಂಕಾರದ ಚಿಪ್ಪು ಮಾರುವವರಿಗೆ. ದೈತ್ಯ ಬಳಚು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಕಿಟಕಿಗೆ ಗಾಜಿನ ಬದಲು ಹಾಕುತ್ತಿದ್ದ ತೆಳು ಚಿಪ್ಪಿನ ಜೀವಿ ಮೊದಲು ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು, ಜೀವಿಗಳ ಜಾಗ ಅದಲುಬದಲಾಯಿತು. ಹಾಗಾಗಿ 2023ಕ್ಕಿಂತ ಹಳೆಯ ಪಟ್ಟಿ ಹಿಡಿದುಕೊಂಡು ವಾದ ಮಾಡಬೇಡಿ. ಶಂಖ, ಕವಡೆ, ದೊಡ್ಡ ಚಿಪ್ಪಿನ ವ್ಯಾಪಾರ ನಿಮ್ಮದಾಗಿದ್ದರೆ ಅರಣ್ಯ ಇಲಾಖೆಯಲ್ಲಿ ಹೊಸ ಪಟ್ಟಿ ಕೇಳಿ ನೋಡಿಕೊಳ್ಳಿ. ತಿನ್ನುವ ಬಳಚಿನವರು ಮುಂದಕ್ಕೆ ಹೋಗಬಹುದು.

ಹಂತ 3: ನಿಮ್ಮ ಜಾಗ ನಕ್ಷೆಯಲ್ಲಿ ಎಲ್ಲಿದೆ?

ಸಿಆರ್‌ಝಡ್ ಅಂದರೆ ಬರೀ ರೆಸಾರ್ಟ್ ಕಟ್ಟುವವರ ತಲೆನೋವು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಚಿಪ್ಪು ಇರುವ ಜಾಗ ಮಾತ್ರ ಪೂರ್ತಿ ಅದರೊಳಗೇ ಬರುತ್ತದೆ. ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೋ, ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಉಪ್ಪು ಸಾವಿರಕ್ಕೆ ಐದು ಭಾಗ ಎಲ್ಲಿಯವರೆಗೆ ಇರುತ್ತದೋ, ಅಲ್ಲಿಯವರೆಗೂ ಹೊಳೆ ಸಿಆರ್‌ಝಡ್‌ಗೆ ಸೇರಿದ್ದು. ಕುಮಟಾ ಕಡೆಯವರಿಗೆ ಗೊತ್ತು, ಬೇಸಿಗೆಯಲ್ಲಿ ಉಪ್ಪುನೀರು ಎಷ್ಟು ಒಳಗೆ ನುಗ್ಗುತ್ತದೆ ಅಂತ.

ನಕ್ಷೆಯ ಹೆಸರು ಕರಾವಳಿ ವಲಯ ನಿರ್ವಹಣಾ ಯೋಜನೆ. ಪ್ರತಿ ರಾಜ್ಯವೂ ಇದನ್ನು 1:25,000 ಅಳತೆಯಲ್ಲಿ ಮಾಡಿಸುತ್ತದೆ. ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದಲ್ಲಿ ಸಿಗುತ್ತದೆ. ಜಿಲ್ಲಾ ಕೇಂದ್ರದ ಪರಿಸರ ಕಚೇರಿಯಲ್ಲಿ ಕೇಳಿದರೆ ನೋಡಲು ಕೊಡುತ್ತಾರೆ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು.

ನಕ್ಷೆ ಕೈಗೆ ಬಂದ ಮೇಲೆ ಬಣ್ಣ ನೋಡಿ ಹೆದರಬೇಡಿ. ನಿಮಗೆ ಬೇಕಾಗುವುದು ಮೂರ್ನಾಲ್ಕು ಗುರುತು ಮಾತ್ರ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಜೀವಿಗಳಿಂದ ತುಂಬಿದ ಕೆಸರು ಬಯಲು, ಉಪ್ಪು ಜವುಗು, ಆಮೆ ಮೊಟ್ಟೆಯಿಡುವ ದಂಡೆ ಇವೆಲ್ಲ ಸಿಆರ್‌ಝಡ್-1ಎ. ಸಾವಿರ ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಇದ್ದರೆ ಸುತ್ತ ಐವತ್ತು ಮೀಟರ್ ಬಫರ್ ಕೂಡ ಇರುತ್ತದೆ. ಉಬ್ಬರ ಮತ್ತು ಇಳಿತದ ಗೆರೆಗಳ ನಡುವಿನ ಜಾಗ 1ಬಿ. ಇಳಿತದಲ್ಲೂ ನೀರು ಉಳಿಯುವ ಹೊಳೆಯ ಭಾಗ 4ಬಿ, ಕಡಲಾದರೆ 4ಎ. ಸ್ಥಳೀಯರ ಸಾಂಪ್ರದಾಯಿಕ ಮೀನುಗಾರಿಕೆಗೆ ಈ ನಾಲ್ಕನೇ ವರ್ಗದ ನೀರಿನಲ್ಲಿ ಅವಕಾಶ ಇದೆ ಅಂತ ಅಧಿಸೂಚನೆಯೇ ಹೇಳುತ್ತದೆ. ಆ ಸಾಲನ್ನು ಗುರುತು ಹಾಕಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ ‘ಇಲ್ಲಿ ಇಳಿಯಬೇಡಿ’ ಅಂದರೆ ತೋರಿಸಲು ಬೇಕಾಗುತ್ತದೆ.

ಕಾರವಾರ ಮತ್ತು ಕುಂದಾಪುರದವರಿಗೆ ಇನ್ನೊಂದು ವಿಷಯ. ಎರಡೂ ಕಡೆಯ ಕರಾವಳಿಯನ್ನು ಸಿಆರ್‌ಝಡ್ ಅಧಿಸೂಚನೆ ‘ಅತಿ ಸೂಕ್ಷ್ಮ ಕರಾವಳಿ ಪ್ರದೇಶ’ ಎಂದು ಹೆಸರಿಸಿದೆ. 2011ರಲ್ಲಿ ಹೀಗಿತ್ತು, 2019ರಲ್ಲೂ ಹಾಗೇ ಉಳಿದಿದೆ. ಇಂಥ ಜಾಗವನ್ನು ಅಲ್ಲಿನ ಮೀನುಗಾರರನ್ನು ಸೇರಿಸಿಕೊಂಡೇ ನಿರ್ವಹಿಸಬೇಕು ಅನ್ನುವ ಮಾತೂ ಅದರಲ್ಲೇ ಇದೆ. ನನ್ನ ಲೆಕ್ಕದಲ್ಲಿ ಚಿಪ್ಪು ಹೆಕ್ಕುವವರಿಗೆ ಇದು ದೊಡ್ಡ ಆಯುಧ, ಆದರೆ ಬಳಸುವವರು ಕಡಿಮೆ. ಅಳಿವೆಯಲ್ಲಿ ಬಂದರು, ಡ್ರೆಜಿಂಗ್, ಜೆಟ್ಟಿ ಅಂತ ಸಾರ್ವಜನಿಕ ಅಹವಾಲು ಕರೆದಾಗ ಬಳಚಿನ ಹೆಂಗಸರು ಕೂತು ಈ ಸಾಲನ್ನು ಓದಿ ಹೇಳಿದರೆ ಅದು ದಾಖಲೆಗೆ ಹೋಗುತ್ತದೆ.

ಅಘನಾಶಿನಿಗೆ ರಾಮ್ಸಾರ್ ಪಟ್ಟ ಸಿಕ್ಕಿದ್ದು 4,801 ಹೆಕ್ಟೇರಿಗೆ. ಬಳಚು ಹೆಕ್ಕುವುದು ನಿಂತೇ ಹೋಗುತ್ತದೆ ಅಂತ ಆಗ ಕೆಲವರು ಹೆದರಿದರು. ರಾಮ್ಸಾರ್ ಒಪ್ಪಂದದ ಒಳಗಿರುವ ಮಾತು ‘ವಿವೇಕದ ಬಳಕೆ’. ಜನರನ್ನು ಹೊರಗಿಡಿ ಅಂತ ಅದು ಹೇಳುವುದಿಲ್ಲ. ಅಳಿವೆ ಹೇಗೂ ಸಿಆರ್‌ಝಡ್ ಒಳಗಿದೆ. ದಿನದ ಕೆಲಸಕ್ಕೆ ಮೊದಲು ನೋಡಬೇಕಾದದ್ದು ಅದನ್ನೇ.

ಹಂತ 4: ಕೃಷಿ ಮಾಡುವವರಾದರೆ ನೋಂದಣಿ

ದೊಡ್ಡ ಬದಲಾವಣೆ ಆಗಿರುವುದು ಇಲ್ಲೇ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ಕರಾವಳಿಯುದ್ದಕ್ಕೂ ಸಿಗಡಿ ಕೊಳಗಳು ಎದ್ದವು. ಕುಮಟಾ ಕಡೆ ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿ ಗದ್ದೆಗಳೂ ಕೊಳಗಳಾದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 11ರಂದು ಜಗನ್ನಾಥನ್ ಪ್ರಕರಣದ ತೀರ್ಪು ಬಂತು: ಸಾಂಪ್ರದಾಯಿಕ ವಿಧಾನದವು ಬಿಟ್ಟು ಸಿಆರ್‌ಝಡ್ ಒಳಗಿನ ಸಿಗಡಿ ಕೊಳಗಳನ್ನೆಲ್ಲ ಕೆಡವಿ ಅಂತ. ಅದರ ಬೆನ್ನಿಗೆ ಒಂದು ಪ್ರಾಧಿಕಾರ ಬಂತು, 2005ರಲ್ಲಿ ಕಾಯ್ದೆ ಬಂತು. ಕಾಯ್ದೆ ಮಾಡಿದವರ ತಲೆಯಲ್ಲಿ ಇದ್ದದ್ದು ಸಿಗಡಿ, ಕೊಳ, ಕೊಳಕು ನೀರು. ನೀಲಿಕಲ್ಲಿನ ಹಗ್ಗದ ಯೋಚನೆ ಅದರಲ್ಲಿ ಇರಲಿಲ್ಲ.

2023ರ ತಿದ್ದುಪಡಿ ಬಾಗಿಲು ಅಗಲ ಮಾಡಿತು. ಎರಡು ಚಿಪ್ಪಿನ ಜೀವಿಗಳ ಕೃಷಿ, ಪಂಜರ ಕೃಷಿ, ಕಡಲಕಳೆ, ಮೊಟ್ಟೆಕೇಂದ್ರ, ತಾಯಿ ಜೀವಿ ಬೆಳೆಸುವ ಕೇಂದ್ರ ಎಲ್ಲವೂ ‘ಕರಾವಳಿ ಜಲಕೃಷಿ’ಯ ಲೆಕ್ಕಕ್ಕೆ ಬಂದವು. ಇದರಿಂದ ಒಳ್ಳೆಯದೂ ಆಗಿದೆ, ಹೊರೆಯೂ ಆಗಿದೆ. ಮೊದಲು ನಮ್ಮ ಕೃಷಿ ಕಾನೂನಿನ ಕಣ್ಣಿಗೇ ಬೀಳುತ್ತಿರಲಿಲ್ಲ. ಬ್ಯಾಂಕು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಿತ್ತು. ಈಗ ಗುರುತು ಸಿಕ್ಕಿದೆ. ಗುರುತು ಸಿಕ್ಕ ಮೇಲೆ ನೋಂದಣಿ ಇಲ್ಲದೆ ಕೃಷಿ ಮಾಡುವಂತಿಲ್ಲ.

ತಪ್ಪಿದರೆ ಏನಾಗುತ್ತದೆ? ಮೊದಲು ಮೂರು ವರ್ಷದವರೆಗೆ ಜೈಲು ಅಂತ ಇತ್ತು. ಅದನ್ನು ತೆಗೆದಿದ್ದಾರೆ. ಈಗ ಅಧಿಕಾರಿಗಳು ಕೆಲಸ ನಿಲ್ಲಿಸಬಹುದು, ದಂಡ ಹಾಕಬಹುದು, ಕಟ್ಟಿದ್ದನ್ನು ತೆಗೆಸಬಹುದು, ನೋಂದಣಿ ರದ್ದು ಮಾಡಬಹುದು, ನಿಂತ ಬೆಳೆಯನ್ನೂ ನಾಶ ಮಾಡಿಸಬಹುದು. ಜೈಲು ಹೋಯಿತು ಅಂತ ಹಗುರ ಆಗಬೇಡಿ. ಐದು ತಿಂಗಳು ಕಾದು ಬೆಳೆಸಿದ ನೀಲಿಕಲ್ಲನ್ನು ಹಗ್ಗ ಸಮೇತ ಕತ್ತರಿಸಿ ಹಾಕಿದರೆ ಸಣ್ಣ ಸಂಘಕ್ಕೆ ಅದೇ ದೊಡ್ಡ ಶಿಕ್ಷೆ.

ಜಾಗದ ವಿಷಯ ಈಗ ಹೀಗಿದೆ. ಹಳೆಯ ಕಾಯ್ದೆ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ, ಸಿಆರ್‌ಝಡ್‌ನ ಹೊಳೆ ಹಿನ್ನೀರುಗಳಲ್ಲಿ ಬೇಡ ಅಂತಿತ್ತು. ಅದನ್ನು ಓದಿದರೆ ನೀರಿನಲ್ಲೇ ಮಾಡುವ ನಮ್ಮ ಕೃಷಿಗೆ ಜಾಗವೇ ಇರಲಿಲ್ಲ, ಅಲ್ವಾ? ಹೊಸದರಲ್ಲಿ ಸೂಕ್ಷ್ಮ ಪ್ರದೇಶ, ಕಡಲ ಬದಿಯ ಅಭಿವೃದ್ಧಿ ನಿಷಿದ್ಧ ವಲಯ, ಹೊಳೆ ಬದಿಯ ಬಫರ್ ವಲಯ ಇವುಗಳಲ್ಲಿ ಬೇಡ ಎಂದಿದೆ. ಆದರೆ ತೆಪ್ಪದ ಕೃಷಿ, ಪಂಜರ, ಬಲೆಬೇಲಿ, ಕಡಲಕಳೆ ಕೃಷಿಗೆ ವಿನಾಯಿತಿ ಕೊಟ್ಟಿದೆ. ನಮ್ಮ ಅಳಿವೆಗಳಲ್ಲಿ ಜಾಸ್ತಿ ಮಾಡುವುದು ತೆಪ್ಪವಲ್ಲ, ಬಿದಿರು ಅಥವಾ ಗಾಳಿಮರದ ಕಂಬ ನೆಟ್ಟು ಕಟ್ಟುವ ಚಪ್ಪರ. ಅದು ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. ಬಾಯಿಮಾತಿನ ‘ಏನೂ ತೊಂದರೆ ಇಲ್ಲ’ ಆ ಅಧಿಕಾರಿ ವರ್ಗವಾದ ದಿನ ಮುಗಿಯುತ್ತದೆ.

ಅರ್ಜಿ ಹೋಗುವ ದಾರಿ: ಜಿಲ್ಲೆಯ ಮೀನುಗಾರಿಕೆ ಉಪನಿರ್ದೇಶಕರ ಕಚೇರಿಯಿಂದ ಶುರು ಮಾಡಿ. ಜಿಲ್ಲಾ ಮಟ್ಟದ ಸಮಿತಿ ಜಾಗ ನೋಡಿ ಶಿಫಾರಸು ಮಾಡುತ್ತದೆ, ಅಲ್ಲಿಂದ ಪ್ರಾಧಿಕಾರಕ್ಕೆ. ಒಮ್ಮೆ ಕೊಟ್ಟ ನೋಂದಣಿ ಐದು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಶುಲ್ಕ, ನಮೂನೆ ಎಲ್ಲ 2024ರ ನಿಯಮದ ಪ್ರಕಾರ. ಪಕ್ಕದ ಮನೆಯವರ ಹಳೆಯ ಸಿಗಡಿ ಅರ್ಜಿಯ ಜೆರಾಕ್ಸ್ ತಂದು ತುಂಬಬೇಡಿ.

ಅರ್ಜಿ ತುಂಬುವಾಗ ಎಡವುವ ಒಂದು ಜಾಗ ತೋರಿಸುತ್ತೇನೆ. ಜಮೀನಿನ ವಿವರ, ಸರ್ವೆ ನಂಬರ್ ಕೇಳುವ ಅಭ್ಯಾಸ ಕೊಳದ ಕಾಲದಿಂದ ಬಂದದ್ದು. ಹೊಳೆಯ ನೀರಿಗೆ ಸರ್ವೆ ನಂಬರ್ ಎಲ್ಲಿಂದ ತರುವುದು? ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತದೆ. ಸುಮ್ನೆ ದಡದ ಯಾರದೋ ಜಮೀನಿನ ನಂಬರ್ ಹಾಕಿದರೆ ಮುಂದೆ ಅವರೇ ತಕರಾರು ಎತ್ತುತ್ತಾರೆ. ಹೀಗೆ ಮಾಡಿ: ಅತಿ ಕಡಿಮೆ ನೀರಿರುವ ಇಳಿತದ ದಿನ ದೋಣಿಯಲ್ಲಿ ಹೋಗಿ ಚಪ್ಪರದ ನಾಲ್ಕು ಮೂಲೆಯ ಜಿಪಿಎಸ್ ಗುರುತು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅದೇ ಹೊತ್ತಿನ ಫೋಟೊ ಇರಲಿ, ದಡದ ದೇವಸ್ಥಾನವೋ ಸೇತುವೆಯೋ ಕಾಣುವ ಹಾಗೆ. ಒಂದು ಹಾಳೆಯಲ್ಲಿ ಕೈಯಿಂದಲೇ ನಕ್ಷೆ ಬರೆಯಿರಿ: ದೋಣಿ ಹೋಗುವ ದಾರಿ ಎಲ್ಲಿ, ಬಲೆ ಬೀಸುವ ಜಾಗ ಎಲ್ಲಿ, ಬಳಚು ಹೆಕ್ಕುವ ದಿಬ್ಬ ಎಲ್ಲಿ, ಕಾಂಡ್ಲಾ ಎಷ್ಟು ದೂರ. ಜಮೀನಿನ ಅಂಕಣದಲ್ಲಿ ‘ಸರ್ಕಾರಿ ಹೊಳೆ ನೀರು, ಗುರುತು ಲಗತ್ತಿಸಿದೆ’ ಎಂದು ಬರೆದು ಇದನ್ನು ಸೇರಿಸಿ. ಆ ನೀರು ಸರ್ಕಾರದ್ದಾದ್ದರಿಂದ ಬಳಕೆಗೆ ರಾಜ್ಯದ ಅನುಮತಿಯೂ ಬೇಕು. ಎರಡನ್ನೂ ಒಟ್ಟಿಗೇ ಕೇಳಿ.

ನಮೂನೆ ಕೇಳದಿದ್ದರೂ ಗ್ರಾಮ ಪಂಚಾಯಿತಿಯ ಪತ್ರ ಮತ್ತು ಊರ ಮೀನುಗಾರರ ಸಹಕಾರ ಸಂಘದ ಪತ್ರ ಜೊತೆಗಿಡಿ. ಜಗಳ ಬರುವುದು ಚೆನ್ನೈಯಿಂದಲ್ಲ, ಪಕ್ಕದ ಬಲೆಯವರಿಂದ.

ಔಷಧಿ, ಮೇವು, ಹೊರಬಿಡುವ ನೀರು ಅನ್ನುವ ಅಂಕಣಗಳೂ ಬರುತ್ತವೆ. ಆ್ಯಂಟಿಬಯಾಟಿಕ್ ಬಳಕೆಗೆ ಕಾಯ್ದೆಯಲ್ಲಿ ಕಟ್ಟುನಿಟ್ಟಿನ ನಿಷೇಧ ಇದೆ. ನೀಲಿಕಲ್ಲಿಗೆ ಇದು ಯಾವುದೂ ಬೇಡ. ಅದು ನೀರನ್ನು ಸೋಸಿ ಅದರೊಳಗಿನ ಸೂಕ್ಷ್ಮ ಪಾಚಿಯನ್ನೇ ತಿನ್ನುತ್ತದೆ. ‘ಮೇವು ಹಾಕುವುದಿಲ್ಲ, ಔಷಧಿ ಬಳಸುವುದಿಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ.

ಯಾವಾಗ ಅರ್ಜಿ ಹಾಕಬೇಕು ಅನ್ನುವುದನ್ನು ಹೊಳೆಯೇ ಹೇಳುತ್ತದೆ. ಕಾಸರಗೋಡಿನ ಪಡನ್ನ ಕಡೆ ಹೆಂಗಸರ ಸಂಘಗಳು ವರ್ಷಗಳಿಂದ ಮಾಡುತ್ತಿರುವ ರೀತಿ ನೋಡಿ. ಮಳೆ ಮುಗಿದು ನೀರು ಉಪ್ಪಾದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಹರಡುತ್ತಾರೆ. ಮೇಲೆ ತೆಳು ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಬಟ್ಟೆ ನೀರಿನಲ್ಲಿ ಕೊಳೆತು ಬೀಳುವಷ್ಟರಲ್ಲಿ ಮರಿಗಳು ತಮ್ಮದೇ ನೂಲು ಬಿಟ್ಟು ಹಗ್ಗವನ್ನು ಹಿಡಿದುಕೊಂಡಿರುತ್ತವೆ. ಮೇ ಹೊತ್ತಿಗೆ ಕೊಯ್ಲು. ಮಳೆಯ ಸಿಹಿನೀರು ಇಳಿದರೆ ನೀಲಿಕಲ್ಲು ಬದುಕುವುದಿಲ್ಲ. ಅಂದರೆ ಕಾಗದ ನವೆಂಬರ್ ಒಳಗೆ ಕೈಯಲ್ಲಿರಬೇಕು. ಅರ್ಜಿಯನ್ನು ಜೂನ್‌ನಲ್ಲೇ ಹಾಕಿ. ಸಮಿತಿಯವರು ಜಾಗ ನೋಡಲು ಬರುವುದು ಮಳೆ ನಿಂತ ಮೇಲೆ. ಅಷ್ಟು ಹೊತ್ತಿಗೆ ನಿಮ್ಮ ಫೈಲು ಮೇಜಿನ ಮೇಲಿರಲಿ.

ಸಬ್ಸಿಡಿ ಬೇಕಿದ್ದರೂ ಇದೇ ಕಾಗದಗಳು ಬೇಕಾಗುತ್ತವೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಚಿಪ್ಪುಜೀವಿ ಕೃಷಿಯೂ ಇದೆ. ಅದರಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ನೆರವು ಇಟ್ಟಿದ್ದರು. ಈ ವರ್ಷ ಹಣ ಇದೆಯಾ ಅಂತ ಕೇಳಿಕೊಂಡೇ ಕಂಬ ಕಡಿಸಿ. ತಾಂತ್ರಿಕ ಸಲಹೆಗೆ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕಾರವಾರದಲ್ಲೂ ಮಂಗಳೂರಿನಲ್ಲೂ ಇದ್ದಾರೆ.

ಹಂತ 5: ಹೆಕ್ಕುವವರಾದರೆ ಊರ ಕಟ್ಟಳೆ

ಕೈಯಿಂದ ಹೆಕ್ಕುವವರಿಗೆ ಚೆನ್ನೈಯ ನೋಂದಣಿ ಬೇಡ. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದ್ದು. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ರಜೆ ಯಾಂತ್ರಿಕ ದೋಣಿಗಳಿಗೆ ಮಾತ್ರ, ಸೊಂಟದಾಳದ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಬಳಚು ತೆಗೆಯುವವರಿಗೆ ಅನ್ವಯಿಸುವುದಿಲ್ಲ. ಈ ಎರಡನ್ನು ಬೆರೆಸಿ ಯಾರಾದರೂ ಹೆದರಿಸಿದರೆ ಹೆದರಬೇಡಿ.

ಕಾಗದ ಬೇಡ ಅನ್ನುವುದು ಕೇಳಲು ಖುಷಿ. ಆದರೆ ಕಾಗದ ಇಲ್ಲದ ಕಡೆ ಹಕ್ಕಿಗೂ ದಾಖಲೆ ಇಲ್ಲ. ನಾಳೆ ಮರಳು ತೆಗೆದು ಬಳಚಿನ ದಿಬ್ಬವೇ ಹೋದರೆ ‘ಇಲ್ಲಿ ನಾವು ನೂರು ಜನ ಹೆಕ್ಕುತ್ತಿದ್ದೆವು’ ಅಂತ ತೋರಿಸಲು ಏನಿದೆ? ಅದಕ್ಕೆ ಎರಡು ಕೆಲಸ ಮಾಡಿ. ಮೊದಲನೆಯದು, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಎಬ್ಬಿಸಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಅದು ಇರಬೇಕು. ಅದು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಅಳಿವೆಯ ಚಿಪ್ಪು ಜಾತಿ, ಹೆಕ್ಕುವ ದಿಬ್ಬಗಳ ಹೆಸರು, ಹೆಕ್ಕುವ ಕುಟುಂಬಗಳ ಸಂಖ್ಯೆ ಸೇರಿಸಿ. ದಿಬ್ಬಕ್ಕೆ ಊರವರು ಕರೆಯುವ ಹೆಸರೇ ಇರಲಿ. ಎರಡನೆಯದು, ಮೀನುಗಾರರ ಗುರುತಿನ ಚೀಟಿ ಮಾಡಿಸುವಾಗ ಹೆಂಗಸರ ಹೆಸರಲ್ಲೂ ಮಾಡಿಸಿ. ದೋಣಿ ಇರುವ ಗಂಡನ ಹೆಸರಲ್ಲಿ ಮಾತ್ರ ಚೀಟಿ ಇರುತ್ತದೆ. ದಿನಾ ಅಳಿವೆಗಿಳಿಯುವ ಹೆಂಡತಿ ಲೆಕ್ಕದಲ್ಲೇ ಇರುವುದಿಲ್ಲ.

ಇನ್ನು ಕಟ್ಟಳೆ. ಇದಕ್ಕೆ ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರನ್ನು ನೋಡಬೇಕು. ಅಲ್ಲಿ 1991ರಲ್ಲಿ ವರ್ಷಕ್ಕೆ 10,000 ಟನ್ ಬಳಚು ತೆಗೆದರು. ಎರಡೇ ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ಆಮೇಲೆ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಲಹೆ ಮೇಲೆ ಊರವರೂ ಸರ್ಕಾರವೂ ಸೇರಿ ನಿಯಮ ಮಾಡಿಕೊಂಡರು. ಮೊಟ್ಟೆಯಿಡುವ ಡಿಸೆಂಬರಿನಿಂದ ಫೆಬ್ರುವರಿವರೆಗೆ ಹೆಕ್ಕುವುದಿಲ್ಲ. 30 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆ ಬಳಸುವುದಿಲ್ಲ. ಯಂತ್ರ ಹಾಕಿ ತೆಗೆಯುವುದಿಲ್ಲ. ರಫ್ತಿಗೆ ಕೆಜಿಗೆ 1,400ಕ್ಕಿಂತ ಹೆಚ್ಚು ತುಂಡು ತೂಗುವ ಸಣ್ಣ ಮಾಂಸ ಕೊಡುವುದಿಲ್ಲ. 2014ರ ನವೆಂಬರಿನಲ್ಲಿ ಈ ಮೀನುಗಾರಿಕೆಗೆ ಸುಸ್ಥಿರ ಮೀನುಗಾರಿಕೆ ಎಂದು ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದು ಮೊದಲನೆಯದು.

ಅಲ್ಲಿನ ತಿಂಗಳುಗಳನ್ನು ಹಾಗೇ ಇಲ್ಲಿಗೆ ತರಬೇಡಿ. ಜಾತಿ ಬೇರೆ, ಹೊಳೆ ಬೇರೆ. ಸಂಸ್ಥೆಯವರನ್ನು ಕರೆಸಿ ನಿಮ್ಮ ಅಳಿವೆಯಲ್ಲಿ ಯಾವಾಗ ಮೊಟ್ಟೆ ತುಂಬಿರುತ್ತದೆ ಅಂತ ನೋಡಿಸಿ. ಆಮೇಲೆ ಸಂಘದ ಸಭೆ ಕರೆದು ಠರಾವು ಬರೆಯಿರಿ. ಸಣ್ಣ ಬಳಚು ಬಿಡುವುದಕ್ಕೆ ಜರಡಿಯೇ ಸಾಕು. ಬುಟ್ಟಿಯ ಬದಲು ಅಗಲ ಕಣ್ಣಿನ ಜರಡಿಯಲ್ಲಿ ನೀರಿನೊಳಗೇ ಅಲ್ಲಾಡಿಸಿದರೆ ಸಣ್ಣವು ಅಲ್ಲೇ ಉದುರುತ್ತವೆ, ಬದುಕುತ್ತವೆ. ದಡಕ್ಕೆ ತಂದು ಆರಿಸಿ ಬಿಸಾಡಿದರೆ ಪ್ರಯೋಜನ ಇಲ್ಲ. ಠರಾವನ್ನು ಪಂಚಾಯಿತಿಗೂ ಉಪನಿರ್ದೇಶಕರಿಗೂ ಕಳಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಹಂತ 6: ಖಾಲಿ ಚಿಪ್ಪು

ಇದು ಚಿಕ್ಕದು, ಆದರೆ ತುಂಬ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಜೀವ ಇದ್ದಾಗ ಬಳಚು ಮೀನು. ಸತ್ತು ಹೊಳೆಯ ತಳದಲ್ಲಿ ಸೇರಿದ ಚಿಪ್ಪು ಕಾನೂನಿನ ಕಣ್ಣಲ್ಲಿ ಖನಿಜ. ಕಟ್ಟಡದ ಸುಣ್ಣಕ್ಕೆ ಭಟ್ಟಿಯಲ್ಲಿ ಸುಡುವ ಚಿಪ್ಪು ಉಪಖನಿಜ. ತಿಂದು ಉಳಿದ ಚಿಪ್ಪನ್ನು ಮನೆಯಂಗಳದಿಂದ ಕೊಟ್ಟರೆ ಯಾರೂ ಕೇಳುವುದಿಲ್ಲ. ಆದರೆ ಹೊಳೆಯ ತಳ ಅಗೆದು ದೋಣಿಗಟ್ಟಲೆ ತೆಗೆದರೆ ಗಣಿ ಇಲಾಖೆಯ ಪರವಾನಗಿ ಬೇಕು, ಮೇಲಿಂದ ಸಿಆರ್‌ಝಡ್ ತಡೆಯೂ ಇದೆ. ವ್ಯಾಪಾರಿ ‘ಲೈಸೆನ್ಸ್ ನನ್ನ ಹತ್ರ ಇದೆ’ ಅಂದರೆ ಅದರ ಪ್ರತಿ ಕೇಳಿ. ಪ್ರತಿ ಕೊಡದಿದ್ದರೆ ತೆಗೆಯಬೇಡಿ.

ಹಂತ 7: ತಿನ್ನಲು ಮಾರುವಾಗ

ಆಹಾರ ಸುರಕ್ಷತಾ ಕಾಯ್ದೆ 2006ರ 18ನೇ ಸೆಕ್ಷನ್ನಿನ ಮೂರನೇ ಉಪವಿಧಿ ರೈತರನ್ನೂ ಮೀನುಗಾರರನ್ನೂ ಕಾಯ್ದೆಯಿಂದ ಹೊರಗಿಟ್ಟಿದೆ. ಹೆಕ್ಕಿ ತಂದ ಬಳಚನ್ನು ಹಾಗೇ ಮಾರುವ ಹೆಂಗಸಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಚೀಟಿ ಬೇಡ. ಅದೇ ಬಳಚನ್ನು ಖರೀದಿಸಿ, ಬೇಯಿಸಿ, ಮಾಂಸ ಬಿಡಿಸಿ ಪ್ಯಾಕ್ ಮಾಡಿದರೆ ನೀವು ಆಹಾರ ಉದ್ಯಮಿ. ಸಣ್ಣ ವ್ಯಾಪಾರಕ್ಕೆ ನೋಂದಣಿ, ದೊಡ್ಡದಕ್ಕೆ ಲೈಸೆನ್ಸ್, ಎರಡೂ ಆ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲಿನಲ್ಲಿ.

ಚೀಟಿಗಿಂತ ದೊಡ್ಡ ವಿಷಯ ವಿಷ. 1983ರ ಏಪ್ರಿಲ್‌ನಲ್ಲಿ ಕುಂಬಳೆ ಅಳಿವೆಯ ಬಳಚು ತಿಂದು 85 ಜನ ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. 1997ರಲ್ಲಿ ತಿರುವನಂತಪುರದ ವಿಳಿಂಞಂನಲ್ಲಿ ಪಚ್ಚಿಲೆ ತಿಂದು ಏಳು ಜನ ಸತ್ತರು. ಕೆಲವು ಸೂಕ್ಷ್ಮ ಪಾಚಿಗಳು ನೀರಿನಲ್ಲಿ ಒಮ್ಮೆಲೇ ಹೆಚ್ಚಾದಾಗ, ಗಂಟೆಗೆ ಲೀಟರುಗಟ್ಟಲೆ ನೀರು ಸೋಸುವ ಚಿಪ್ಪುಜೀವಿಯೊಳಗೆ ಆ ವಿಷ ಸೇರುತ್ತದೆ. ಜೀವಿಗೆ ಏನೂ ಆಗುವುದಿಲ್ಲ, ತಿಂದವರಿಗೆ ಆಗುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಾಜಾ ಇದ್ದರೂ ವಿಷ ಇರಬಹುದು, ವಾಸನೆಯಲ್ಲಿ ಗೊತ್ತಾಗದು. ನೀರಿನ ಬಣ್ಣ ಬದಲಾದ ದಿನಗಳಲ್ಲಿ, ಮೀನು ಸತ್ತು ತೇಲಿದ ದಿನಗಳಲ್ಲಿ ಹೆಕ್ಕುವುದನ್ನು ನಿಲ್ಲಿಸಿ, ಇಲಾಖೆಗೆ ಫೋನ್ ಮಾಡಿ. ಬಣ್ಣ ಬದಲಾಗಿಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲೂ ಅಲ್ಲ. ತಿಂದವರಿಗೆ ತುಟಿ, ಬೆರಳ ತುದಿ ಜುಮ್ಮೆಂದು ಮರಗಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮುಂದಿನದು ಉಸಿರಾಟಕ್ಕೆ ತೊಂದರೆ. ತಕ್ಷಣ ಆಸ್ಪತ್ರೆಗೆ ಹೋಗಿ, ಏನು ತಿಂದದ್ದು ಅಂತ ವೈದ್ಯರಿಗೆ ಹೇಳಿ.

ಮಾರುವವರು ಒಂದು ಪುಸ್ತಕ ಇಡಿ: ದಿನ, ಹೆಕ್ಕಿದ ದಿಬ್ಬ, ತೂಕ, ಯಾರಿಗೆ ಮಾರಿದ್ದು. ಒಂದು ದಿಬ್ಬದಲ್ಲಿ ತೊಂದರೆ ಬಂದರೆ ಆ ದಿಬ್ಬದ್ದನ್ನು ಮಾತ್ರ ವಾಪಸ್ ಕರೆಯಬಹುದು. ಪುಸ್ತಕ ಇಲ್ಲದಿದ್ದರೆ ಇಡೀ ಅಳಿವೆಯ ಬಳಚಿಗೆ ಕೆಟ್ಟ ಹೆಸರು.

ಹಂತ 8: ರಫ್ತಿನ ಯೋಚನೆ ಇದ್ದರೆ

ಒಂಟಿಯಾಗಿ ಇದನ್ನು ಮಾಡಲು ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಎಂಪೆಡಾದಲ್ಲಿ ನೋಂದಣಿ, ಒಪ್ಪಿಗೆ ಪಡೆದ ಸಂಸ್ಕರಣಾ ಘಟಕ, ರಫ್ತು ತಪಾಸಣಾ ಏಜೆನ್ಸಿಯ ಪ್ರಮಾಣಪತ್ರ ಎಲ್ಲ ಬೇಕು. ಯುರೋಪಿನವರು ಚಿಪ್ಪುಜೀವಿ ಹೆಕ್ಕುವ ನೀರನ್ನೇ ದರ್ಜೆ ಮಾಡುತ್ತಾರೆ. 100 ಗ್ರಾಂ ಮಾಂಸದಲ್ಲಿ ಮಲದಿಂದ ಬರುವ ಇ-ಕೊಲೈ ಬ್ಯಾಕ್ಟೀರಿಯಾ ಎಷ್ಟು ಅನ್ನುವುದು ಅಳತೆ. ನೂರರಲ್ಲಿ 80 ಮಾದರಿಗಳಲ್ಲಿ 230 ಮೀರದೆ, ಉಳಿದವು 700ರೊಳಗೆ ಇದ್ದರೆ ‘ಎ’ ದರ್ಜೆ, ನೇರ ತಿನ್ನಬಹುದು. 4,600ರವರೆಗೆ ‘ಬಿ’, ಶುದ್ಧ ನೀರಿನ ತೊಟ್ಟಿಯಲ್ಲಿಟ್ಟು ಹೊಟ್ಟೆ ತೊಳೆಸಬೇಕು. 46,000ದವರೆಗೆ ‘ಸಿ’, ಒಳ್ಳೆಯ ನೀರಿಗೆ ಒಯ್ದು ಕನಿಷ್ಠ ಎರಡು ತಿಂಗಳು ಬಿಡಬೇಕು. ಅಂದರೆ ಮೇಲಿನ ಊರಿನ ಚರಂಡಿ ಹೊಳೆಗೆ ಬಿದ್ದರೆ ಕೆಳಗಿನ ನಿಮ್ಮ ಬಳಚಿನ ಬೆಲೆ ಇಳಿಯುತ್ತದೆ. ಚರಂಡಿ ಬಗ್ಗೆ ಪುರಸಭೆಗೆ ದೂರು ಕೊಡುವಾಗ ಈ ಅಂಕಿ ಬಳಸಿಕೊಳ್ಳಿ.

ಹಂತ 9: ನೋಟಿಸು ಬಂದರೆ

ಗಾಬರಿ ಬೇಡ. ಮೊದಲು ಮೂರು ವಿಷಯ ಓದಿ: ಯಾವ ಕಾಯ್ದೆ, ಯಾವ ಸೆಕ್ಷನ್, ಉತ್ತರಕ್ಕೆ ಎಷ್ಟು ದಿನ. ಬಂದ ಲಕೋಟೆಯನ್ನೂ ಇಟ್ಟುಕೊಳ್ಳಿ, ತಲುಪಿದ ದಿನಕ್ಕೆ ಅದೇ ಸಾಕ್ಷಿ. ಹೆಕ್ಕುವವರಿಗೆ ಜಲಕೃಷಿ ಕಾಯ್ದೆಯಡಿ ನೋಟಿಸು ಬಂದಿದ್ದರೆ ‘ನಮ್ಮದು ಕೃಷಿಯಲ್ಲ, ಸಾಂಪ್ರದಾಯಿಕ ಮೀನುಗಾರಿಕೆ’ ಎಂದು ಠರಾವು, ಗುರುತಿನ ಚೀಟಿ, ಜೀವವೈವಿಧ್ಯ ದಾಖಲೆಯ ಪ್ರತಿ ಸೇರಿಸಿ ಉತ್ತರ ಕೊಡಿ. ಕೃಷಿಯವರಾಗಿದ್ದು ನೋಂದಣಿ ಬಾಕಿ ಇದ್ದರೆ ಅರ್ಜಿ ಹಾಕಿದ ರಸೀದಿ ತೋರಿಸಿ. ನವೀಕರಣ ತಡವಾಗಿದ್ದರೆ ಹೆಚ್ಚಿನ ಶುಲ್ಕ ಕಟ್ಟಿ ಸರಿಮಾಡಿಕೊಳ್ಳಲು ತಿದ್ದುಪಡಿಯಲ್ಲಿ ದಾರಿ ಇದೆ, ಅದನ್ನೇ ಕೇಳಿ.

ಚಪ್ಪರ ತೆಗೆಯಿರಿ ಅನ್ನುವ ಆದೇಶವೇ ಬಂದು ಬೆಳೆ ಕೊಯ್ಲಿಗೆ ಹತ್ತಿರ ಇದ್ದರೆ, ಕೊಯ್ಲಿನವರೆಗೆ ಸಮಯ ಕೊಡಿ ಎಂದು ಅದೇ ದಿನ ಬರೆದು ಕೊಡಿ. ನೀಲಿಕಲ್ಲಿನ ಉದ್ದ ಅಳತೆಪಟ್ಟಿಯ ಪಕ್ಕ ಕಾಣುವ ಫೋಟೊ, ಹಗ್ಗಗಳ ಸಂಖ್ಯೆ, ಕೊಯ್ಲಿನ ದಿನ ಮೂರೂ ಪತ್ರದಲ್ಲಿರಲಿ. ಜಿಲ್ಲಾ ಸಮಿತಿಗೊಂದು, ಪ್ರಾಧಿಕಾರಕ್ಕೊಂದು, ನಿಮ್ಮ ಕೈಯಲ್ಲಿ ಮೊಹರು ಬಿದ್ದ ಪ್ರತಿ ಒಂದು.